ಮನೆ ಮೇಲಿನ ಸೋಲಾರ್ ಕರೆಂಟನ್ನು ಪಕ್ಕದ ಮಿಲ್ಲಿಗೆ ಮಾರಬಹುದಾ? (ತುಮಕೂರು)

ಶಿರಾಗೇಟ್_ಹುಡುಗ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಶಿರಾ ಗೇಟ್ ಕಡೆ ನಮ್ಮ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಅದರ ಮೇಲೆ ಖಾಲಿ ತಾರಸಿ. ನೀರಿನ ಟ್ಯಾಂಕು, ಅಮ್ಮ ಸಂಡಿಗೆ ಒಣಗಿಸುವ ಜಾಗ ಬಿಟ್ಟರೆ ಸುಮಾರು 900 ಚದರಡಿ ಸಿಗುತ್ತದೆ.

ಹೋದ ವಾರ ಸೋಲಾರ್ ಕಂಪನಿಯವರು ಅಂತ ಒಬ್ಬರು ಏಜೆಂಟ್ ಬಂದಿದ್ದರು. 10 ಕಿಲೋವ್ಯಾಟ್ ಹಾಕಿಸಿ, ಮನೆಗೆ ಬೇಕಾದಷ್ಟು ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಪಕ್ಕದ ಹಿಟ್ಟಿನ ಮಿಲ್ಲಿಗೆ ನೀವೇ ಮಾರಿ, ಈಗ ಎಲ್ಲಾ ಓಪನ್ ಆಗಿದೆ, ಬೆಸ್ಕಾಂನವರು ಇನ್ನು ಬರೀ ತಂತಿ ನೋಡಿಕೊಳ್ಳುತ್ತಾರೆ, ರೇಟನ್ನು ಆ್ಯಪ್‌ನಲ್ಲಿ ನೀವೇ ಹಾಕಬಹುದು ಅಂತ ಒಂದೇ ಉಸಿರಿಗೆ ಹೇಳಿದರು. ಬುಕಿಂಗ್‌ಗೆ ಸ್ವಲ್ಪ ಅಡ್ವಾನ್ಸ್ ಕೊಡಿ ಅಂತಲೂ ಕೇಳಿದರು. ನಮ್ಮ ತಂದೆ ಅರ್ಧ ಒಪ್ಪಿಬಿಟ್ಟಿದ್ದಾರೆ. ಮಿಲ್ಲಿನ ಅಂಕಲ್ ಕೂಡ "ಕಮ್ಮಿಗೆ ಕೊಟ್ಟರೆ ಯಾಕೆ ಬೇಡ" ಅಂದರು.

ನನಗೆ ಎರಡು ವಿಷಯ ಗೊತ್ತಾಗಬೇಕು. ಹೀಗೆ ನಾವೇ ಮಾರುವುದು ನಿಜವಾಗಿ ನಡೆಯುತ್ತದಾ? ಇನ್ನೊಂದು, ಎಲ್ಲರೂ ತಯಾರಿಸುವವರೇ ಆದರೆ ಬೆಸ್ಕಾಂ ಏನು ಮಾಡುತ್ತದೆ, ಮಿಲ್ಲಿನವರು ಯಾರ ಗ್ರಾಹಕರು, ಕರೆಂಟ್ ಹೋದರೆ ಅವರು ನನಗೆ ಫೋನ್ ಮಾಡುತ್ತಾರಾ? ನಗಬೇಡಿ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ತಿಂಗಳಿಗೆ 160–170 ಯೂನಿಟ್ ಬರುತ್ತದೆ, ಗೃಹಜ್ಯೋತಿ ಇದೆ.

ಗುಬ್ಬಿ_ವೈರಿಂಗ್:

ಅಣ್ಣ, ಮೊದಲು ಅಡ್ವಾನ್ಸ್ ಕೊಡುವುದನ್ನು ನಿಲ್ಲಿಸಿ. ನಾನು ಇದೇ ಕೆಲಸ ಮಾಡುವವನು, ನನ್ನ ಹೊಟ್ಟೆಪಾಡೂ ಇದೇ. ಆದರೂ ಹೇಳುತ್ತೇನೆ.

10 ಕಿಲೋವ್ಯಾಟ್ ನಿಮ್ಮ ತಾರಸಿಯಲ್ಲಿ ಹಿಡಿಯುವುದೇ ಕಷ್ಟ. ಒಂದು ಕಿಲೋವ್ಯಾಟ್‌ಗೆ ಹತ್ತಿರ ಹತ್ತಿರ 100 ಚದರಡಿ ಲೆಕ್ಕ ಹಾಕುತ್ತೇವೆ, ನೆರಳು ಬೀಳದ ಜಾಗ ಆಗಬೇಕು. ಟ್ಯಾಂಕಿನ ನೆರಳು, ಪಕ್ಕದ ಕಟ್ಟಡದ ನೆರಳು ಕಳೆದರೆ ನಿಮಗೆ ಎಷ್ಟು ಉಳಿಯುತ್ತದೆ ನೋಡಿ.

ಇನ್ನು ಮಾರುವ ಮಾತು. 2003ರ ವಿದ್ಯುತ್ ಕಾಯ್ದೆ ಪ್ರಕಾರ ಕರೆಂಟ್ ತಯಾರಿಸಲು ಲೈಸೆನ್ಸ್ ಬೇಡ. ಇನ್ನೊಬ್ಬರಿಗೆ ಹಂಚಲು, ಮಾರಲು ಬೇಕು. ನಿಮ್ಮ ಮನೆಯಿಂದ ಮಿಲ್ಲಿಗೆ ಒಂದು ಕೇಬಲ್ ಎಳೆದು ದುಡ್ಡು ತಗೊಂಡರೆ ಅದು ತಪ್ಪು, ಎರಡು ಮನೆಯ ಕನೆಕ್ಷನ್ನಿಗೂ ತೊಂದರೆ. ನಿಮ್ಮಂಥವರಿಗೆ ಮಾಮೂಲಿ ದಾರಿ ನೆಟ್ ಮೀಟರಿಂಗ್. ಒಳಗೆ ಬಂದ ಯೂನಿಟ್, ಹೊರಗೆ ಹೋದ ಯೂನಿಟ್ ಎರಡನ್ನೂ ಮೀಟರ್ ಬೇರೆ ಬೇರೆ ಬರೆದುಕೊಳ್ಳುತ್ತದೆ. ಲೆಕ್ಕ ಹೊಡೆದು ಜಾಸ್ತಿ ಹೊರಗೆ ಹೋಗಿದ್ದರೆ ಅದಕ್ಕೆ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಗೊತ್ತು ಮಾಡಿದ ರೇಟಿನಲ್ಲಿ ಬೆಸ್ಕಾಂ ಕೊಡುತ್ತದೆ. ಒಪ್ಪಂದ 25 ವರ್ಷಕ್ಕೆ. ಅಂದರೆ ಈ ದಾರಿಯಲ್ಲಿ ನಿಮಗೆ ಇರುವುದು ಒಬ್ಬನೇ ಗಿರಾಕಿ, ರೇಟು ಹೇಳುವವರು ನೀವೂ ಅಲ್ಲ, ಆ ಗಿರಾಕಿಯೂ ಅಲ್ಲ.

ಆಮೇಲೆ ನಿಮಗೆ 170 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ಲು ಈಗಲೇ ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸುತ್ತೀರಿ? ತಿಂಗಳಿಗೆ 300–400 ಯೂನಿಟ್ ಉರಿಸಿ ಪೂರ್ತಿ ಬಿಲ್ಲು ಕಟ್ಟುವವರಿಗೆ ಸೋಲಾರ್ ಬೇಗ ಗಿಟ್ಟುತ್ತದೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78 ಸಾವಿರ ಸಬ್ಸಿಡಿ. 10 ಹಾಕಿದರೂ ಅದೇ 78. ಏಜೆಂಟ್ ಇದನ್ನು ಹೇಳಿದರಾ?

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್, ಲೈನ್ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತದೆ. ಕಂಬದ ಮೇಲೆ ಲೈನ್‌ಮ್ಯಾನ್ ಕೆಲಸ ಮಾಡುತ್ತಿರುವಾಗ ನಿಮ್ಮ ಮನೆಯಿಂದ ಕರೆಂಟ್ ಹಿಂದಕ್ಕೆ ಹೋದರೆ ಅವನ ಪ್ರಾಣ ಹೋಗುತ್ತದೆ, ಅದಕ್ಕೇ ಈ ಏರ್ಪಾಡು. ಒಬ್ಬರು ಹಿರಿಯರು ಮಟಮಟ ಮಧ್ಯಾಹ್ನ ನನಗೆ ಫೋನ್ ಮಾಡಿ ಬೈದಿದ್ದರು. "ಮೇಲೆ ಬಿಸಿಲು ಸುಡುತ್ತಿದೆ, ಕೆಳಗೆ ಫ್ಯಾನ್ ತಿರುಗುತ್ತಿಲ್ಲ, ಏನ್ರೀ ಹಾಕಿದ್ದೀರಿ" ಅಂತ.

ಶಿಡ್ಲಘಟ್ಟ_ರೇಷ್ಮೆ:

ಗುಬ್ಬಿಯವರು ಹೇಳಿದ್ದು ಸರಿ, ಆದರೆ ಸ್ವಲ್ಪ ಜಾಸ್ತಿಯೇ ಹೆದರಿಸಿದರು ಅನ್ನಿಸಿತು. ನಮ್ಮದು ಶಿಡ್ಲಘಟ್ಟದಲ್ಲಿ ಚಿಕ್ಕ ರೀಲಿಂಗ್ ಘಟಕ, ಮೇಲೆ ಪ್ಯಾನೆಲ್ ಹಾಕಿದ್ದೇವೆ. ಕೆಲಸ ಶುರುವಾಗುವುದು ಬೆಳಗ್ಗೆ ಕತ್ತಲಲ್ಲೇ. ಗೂಡು ಬೇಯಿಸುವುದು ಸೌದೆ ಒಲೆಯಲ್ಲಿ, ಕರೆಂಟ್ ಬೇಕಾಗುವುದು ಮೋಟರಿಗೆ, ಲೈಟಿಗೆ, ನೀರಿನ ಪಂಪಿಗೆ. ಬಿಸಿಲು ಏರುವ ಹೊತ್ತಿಗೆ ನಮ್ಮ ಅರ್ಧ ಕೆಲಸ ಮುಗಿದಿರುತ್ತದೆ. ಮಧ್ಯಾಹ್ನ ಪ್ಯಾನೆಲ್ ಜೋರಾಗಿ ಕೊಡುವಾಗ ನಮಗೆ ಬೇಡ, ಬೇಕಾದಾಗ ಅದು ಕೊಡುವುದಿಲ್ಲ. ಹಾಗಾಗಿ ಮೊದಲು ಬದಲಾಗಿದ್ದು ನಾವು, ಮಾರ್ಕೆಟ್ ಅಲ್ಲ. ಈಗ ಟ್ಯಾಂಕಿಗೆ ನೀರು ಹತ್ತಿಸುವುದು, ರೀ-ರೀಲಿಂಗ್ ಎಲ್ಲ 11 ಗಂಟೆ ಮೇಲೆ ಇಟ್ಟುಕೊಂಡಿದ್ದೇವೆ. ಹುಡುಗರಿಗೆ ಇದನ್ನು ಒಪ್ಪಿಸಲು ಸಾಕುಬೇಕಾಯಿತು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಬೆಳಗ್ಗೆ ಡೇರಿಗೆ ಹಾಲು ಹಾಕಿದ ಮನೆಯವರೇ ಸಂಜೆ ಪ್ಯಾಕೆಟ್ ತರುತ್ತಾರೆ. ಹಾಕುವ ರೇಟೇ ಬೇರೆ, ತರುವ ರೇಟೇ ಬೇರೆ, ಅದಕ್ಕೆ ಯಾರೂ ಡೇರಿ ಮುಂದೆ ಜಗಳ ಮಾಡುವುದಿಲ್ಲ. ಸೋಲಾರ್ ಹಾಕಿದವರು ಮಾತ್ರ ಕೊಟ್ಟ ಯೂನಿಟ್ಟಿಗೂ ತಗೊಂಡ ಯೂನಿಟ್ಟಿಗೂ ಒಂದೇ ಬೆಲೆ ಬೇಕು ಅನ್ನುತ್ತಾರೆ.

ಕೇಂದ್ರದವರು 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು ಹೊತ್ತಿಗೊಂದು ದರ ಇರಬೇಕು ಅಂದಿದ್ದಾರೆ. ಬಿಸಿಲಿನ ಹೊತ್ತಿನಲ್ಲಿ ಮಾಮೂಲಿಗಿಂತ 10ರಿಂದ 20 ಪರ್ಸೆಂಟ್ ಕಮ್ಮಿ, ಸಂಜೆ ಪೀಕ್‌ನಲ್ಲಿ ಅಷ್ಟೇ ಜಾಸ್ತಿ. ಅದು ಎಲ್ಲರಿಗೂ ಬಂದರೆ, ಪ್ಯಾನೆಲ್ ಇಲ್ಲದವರೂ ಮೋಟರ್ ಯಾವಾಗ ಹಾಕಬೇಕು ಅಂತ ಯೋಚನೆ ಮಾಡಬೇಕಾಗುತ್ತದೆ. ಸುಮ್ನೆ ಬಿಲ್ಲು ಕಟ್ಟುವ ಕಾಲ ಮುಗಿಯಿತು.

ಅಂದ ಹಾಗೆ ಶಿರಾ ಗೇಟ್‌ನವರೇ, ನಿಮ್ಮ ಪಕ್ಕದ ಮಿಲ್ಲು ಯಾವ ಹೊತ್ತಿನಲ್ಲಿ ಜೋರಾಗಿ ಓಡುತ್ತದೆ?

ಶಿರಾಗೇಟ್_ಹುಡುಗ:

ಒಳ್ಳೆ ಪ್ರಶ್ನೆ ಕೇಳಿದಿರಿ ಮೇಡಂ. ಬೆಳಗ್ಗೆ 7ರಿಂದ 10, ಆಮೇಲೆ ಸಂಜೆ 5ರಿಂದ 9. ಜನ ಕೆಲಸ ಮುಗಿಸಿಕೊಂಡು ಬರುವಾಗ ರಾಗಿ, ಗೋಧಿ ಡಬ್ಬ ಇಟ್ಟು ಹೋಗುತ್ತಾರೆ. ಮಧ್ಯಾಹ್ನ ಮಿಲ್ಲಿನ ಅಂಕಲ್ ಷಟರ್ ಅರ್ಧ ಇಳಿಸಿ ಮಲಗಿರುತ್ತಾರೆ. ಓ. ಈಗ ಗೊತ್ತಾಯಿತು.

ಹಳೇ_ಕೆಇಬಿ:

ನಾನು ಕೋಲಾರದವನು. ಕೆಇಬಿ (ಆಗಿನ ರಾಜ್ಯ ವಿದ್ಯುತ್ ಮಂಡಳಿ) ಕಾಲದಲ್ಲಿ ಸೇರಿ, ಅದು ಕೆಪಿಟಿಸಿಎಲ್ (ದೊಡ್ಡ ಲೈನಿನ ಕಂಪನಿ) ಆಗಿ, ಆಮೇಲೆ ಬೆಸ್ಕಾಂ ಆಗುವವರೆಗೆ ಎಲ್ಲವನ್ನೂ ಒಳಗಿನಿಂದ ನೋಡಿದವನು. ಉದ್ದ ಬರೆಯುತ್ತೇನೆ, ಬೇಡದವರು ದಾಟಿಕೊಂಡು ಹೋಗಿ.

ಕರೆಂಟಿನ ವ್ಯಾಪಾರ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1902ರ ಜೂನ್ 30ಕ್ಕೆ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಬಂತು, ಸುಮಾರು 147 ಕಿಲೋಮೀಟರ್ ಲೈನು. ಬೆಂಗಳೂರಿಗೆ ಬೀದಿ ದೀಪ ಬಂದಿದ್ದು 1905ರಲ್ಲಿ. ಅಂದರೆ ಆಗ ಮಾರುವವನು ಒಬ್ಬ, ಮೈಸೂರು ಸರ್ಕಾರ. ಕೊಳ್ಳುವವನು ಒಬ್ಬ, ಗಣಿ ಕಂಪನಿ. ಇಬ್ಬರ ನಡುವೆ ಒಂದು ಲೈನು. ಲೈನು ಕೆಟ್ಟರೆ ಯಾರು ರಿಪೇರಿ ಮಾಡಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಬೋರ್ಡು ಬಂತು, ತಯಾರಿಕೆ ಬಿಟ್ಟರೆ ಲೈನು, ಮಾರಾಟ, ರಿಪೇರಿ, ಬಿಲ್ಲು, ಬೈಗುಳ ಎಲ್ಲಾ ಒಂದೇ ಕಡೆ. 1999ರಲ್ಲಿ ದೊಡ್ಡ ಲೈನನ್ನು ಬೇರೆ ಮಾಡುವ ಕೆಲಸ ಶುರುವಾಯಿತು, 2002ರಲ್ಲಿ ಎಸ್ಕಾಂಗಳು, ಅಂದರೆ ಬೆಸ್ಕಾಂನಂಥ ಹಂಚುವ ಕಂಪನಿಗಳು ಹುಟ್ಟಿದವು. ನಮ್ಮ ಕೋಲಾರ, ನಿಮ್ಮ ತುಮಕೂರು, ಆಮೇಲೆ ಹುಟ್ಟಿದ ಚಿಕ್ಕಬಳ್ಳಾಪುರ ಎಲ್ಲವೂ ಬೆಸ್ಕಾಂ. ಅಂದಿನಿಂದ ತಯಾರಿಸುವವರು ಒಬ್ಬರು, ಸಾಗಿಸುವವರು ಒಬ್ಬರು, ಮನೆಗೆ ಕೊಡುವವರು ಇನ್ನೊಬ್ಬರು. ಈಗ ನೀವು ಕೇಳುತ್ತಿರುವುದು ಆ ಕೊನೆಯವನ ಕೆಲಸವನ್ನೂ ಒಡೆಯುವ ಮಾತು.

ಒಡೆಯಲಿ, ನನಗೇನೂ ಬೇಜಾರಿಲ್ಲ. ಹಾಗೆ ನೋಡಿದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಒಂದು ಸಹಕಾರ ಸಂಘ ಕರೆಂಟ್ ಹಂಚುತ್ತಿದೆ. ಆ ತಾಲ್ಲೂಕಿನಲ್ಲಿ ಮೀಟರು, ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲಾ ಸಂಘದ್ದೇ. ಹಳ್ಳಿಯವರ ಕೈಯಲ್ಲಿ ಆಗುವುದಿಲ್ಲ ಅನ್ನುವವರಿಗೆ ಅದೊಂದು ಉತ್ತರ ಸಾಕು. ಆದರೆ ಹುಕ್ಕೇರಿಯವರು ಲಾಭದ ಜತೆಗೆ ಕಂಬದ ಜವಾಬ್ದಾರಿಯನ್ನೂ ಹೊತ್ತಿದ್ದಾರೆ. ಈಗಿನ ಮಾತುಗಳಲ್ಲಿ ನನಗೆ ಹಿಡಿಸದೇ ಇರುವುದು ಇದು. ಎಲ್ಲರಿಗೂ ಮಾರುವ ಹಕ್ಕು ಬೇಕು, ಬಿಸಿಲು ಹೋದ ಮೇಲೆ ಸಂಜೆ 7 ಗಂಟೆಯ ಜವಾಬ್ದಾರಿ ಮಾತ್ರ ಬೆಸ್ಕಾಂಗೆ ಇರಲಿ.

ಉದಾಹರಣೆ ಕೊಡುತ್ತೇನೆ. 2013ರಲ್ಲಿ ಕೆಇಆರ್‌ಸಿ ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9 ರೂ. 56 ಪೈಸೆ ಗೊತ್ತು ಮಾಡಿತು, ಸಬ್ಸಿಡಿ ತಗೊಂಡವರಿಗೆ 7 ರೂ. 20. ಏನಾಯಿತು? ಮನೆ ತಾರಸಿಗಿಂತ ಕೋಳಿ ಶೆಡ್ಡು, ಕುರಿ ಶೆಡ್ಡುಗಳ ಮೇಲೆ ಪ್ಯಾನೆಲ್ ಜಾಸ್ತಿ ಎದ್ದವು. ಕೆಲವು ಶೆಡ್ಡಿನಲ್ಲಿ ಕೋಳಿ ಬರಲೇ ಇಲ್ಲ. 2016ರಲ್ಲಿ ರೇಟು ಇಳಿಸಿದರು. ಹಾಗೇ 2013ರಿಂದ 2018ರ ಮಾರ್ಚ್‌ವರೆಗೆ ಶುರುವಾದ ಸೋಲಾರ್ ಘಟಕಗಳಿಂದ ಕಾರ್ಖಾನೆಗಳು ನೇರವಾಗಿ ಕೊಂಡರೆ ಲೈನ್ ಬಾಡಿಗೆ, ಬ್ಯಾಂಕಿಂಗ್ (ಮಿಕ್ಕ ಯೂನಿಟ್ ಲೆಕ್ಕದಲ್ಲಿಟ್ಟು ಆಮೇಲೆ ತಗೊಳ್ಳುವ) ಶುಲ್ಕ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಎಸ್ಕಾಂ ಬಿಟ್ಟು ಹೊರಗೆ ಕೊಳ್ಳುವ ದೊಡ್ಡ ಗ್ರಾಹಕರಿಂದ ತಗೊಳ್ಳುವ ಹಣ) ಯಾವುದೂ 10 ವರ್ಷ ಬೇಡ ಅಂದರು. ರಾಜ್ಯ ಸೋಲಾರ್‌ನಲ್ಲಿ ದೇಶಕ್ಕೇ ಮೊದಲಾಯಿತು, ಸಂತೋಷ. ಆದರೆ ಜಾಸ್ತಿ ದರ ಕೊಡುವ ಗಿರಾಕಿಗಳು ಹೊರಗೆ ಹೋದರು. ಆ ಜಾಸ್ತಿ ದರದಲ್ಲೇ ಸಣ್ಣವರ ದರ ಕಮ್ಮಿ ಇಟ್ಟುಕೊಂಡಿದ್ದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಅದರ ದುಡ್ಡು ಸರ್ಕಾರ ಕೊಡಬೇಕು, ಕೊಡುವುದು ಯಾವಾಗ ಅಂತ ಕೇಳಬೇಡಿ.

ತಂತಿ ನೋಡಿಕೊಳ್ಳುವುದು ಅಂದರೆ ಸಣ್ಣ ಕೆಲಸ ಅಂತ ಏಜೆಂಟ್ ಅಂದುಕೊಂಡಿದ್ದಾರೆ ಅನ್ನಿಸುತ್ತದೆ. ಒಂದು ಬೀದಿಯ ಟಿಸಿ 100 ಕೆವಿಎ ಇದೆ ಅಂದುಕೊಳ್ಳಿ. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ, ಹತ್ತು ತಾರಸಿಯಿಂದ ಕರೆಂಟ್ ಹೊರಗೆ ಬರುತ್ತಿದೆ. ಬೀದಿಯ ಕೊನೆಯ ಮನೆಯಲ್ಲಿ ವೋಲ್ಟೇಜ್ 250 ದಾಟುತ್ತದೆ. ಸಂಜೆ ಅದೇ ಮನೆಯಲ್ಲಿ 200ಕ್ಕೆ ಇಳಿಯುತ್ತದೆ. ಎರಡನ್ನೂ ಸರಿ ಮಾಡಬೇಕಾದವನು ಯಾರು? ಆ ಖರ್ಚನ್ನು ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡುತ್ತಾ ಇದ್ದರೆ, ಯೂನಿಟ್ ಕಮ್ಮಿ ತಗೊಳ್ಳುವವರು ತಪ್ಪಿಸಿಕೊಳ್ಳುತ್ತಾರೆ, ಶೀಟ್ ಮನೆಯವರು ಕಟ್ಟುತ್ತಾರೆ. ಅದಕ್ಕೇ ಫಿಕ್ಸೆಡ್ ಚಾರ್ಜ್ ವರ್ಷ ವರ್ಷ ಏರುವ ಮಾತು ಬರುವುದು. ಜನ ಬೈಯುತ್ತಾರೆ, ಆದರೆ ಬೆಸ್ಕಾಂ ನಿಜವಾಗಿ ಬರೀ ತಂತಿಯವನಾದರೆ ಅವನ ಪೂರ್ತಿ ಸಂಬಳ ಆ ಫಿಕ್ಸೆಡ್ ಚಾರ್ಜಿನಲ್ಲೇ ಬರಬೇಕು.

ಶಿಡ್ಲಘಟ್ಟದ ಮೇಡಂಗೆ ಒಂದು ಮಾತು. ಹಾಲನ್ನು ತಣ್ಣಗೆ ಮಾಡಿ ಸಂಜೆವರೆಗೆ ಇಡಬಹುದು. ಮಧ್ಯಾಹ್ನದ ಕರೆಂಟಿಗೆ ಆ ಕೂಲರ್ ಇನ್ನೂ ಊರೂರಿಗೆ ಬಂದಿಲ್ಲ.

ಗುಬ್ಬಿ_ವೈರಿಂಗ್:

ವೋಲ್ಟೇಜ್ ವಿಷಯ ನಿಜ ಸರ್. ಒಂದು ಕಡೆ ಪ್ಯಾನೆಲ್ ಹೊಸದು, ಇನ್ವರ್ಟರ್ ಹೊಸದು, ಯೂನಿಟ್ ಮಾತ್ರ ಬರುತ್ತಿಲ್ಲ ಅಂತ ಕಂಪ್ಲೇಂಟ್. ಮಧ್ಯಾಹ್ನ ಹೋಗಿ ಎದುರಿಗೇ ನಿಂತು ನೋಡಿದರೆ ಇನ್ವರ್ಟರ್ ಕೆಂಪು ದೀಪ ಹಚ್ಚಿ, ಗ್ರಿಡ್ ವೋಲ್ಟೇಜ್ ಜಾಸ್ತಿ ಅಂತ ಡಿಸ್‌ಪ್ಲೇನಲ್ಲಿ ತೋರಿಸಿ ಆಫ್ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಆನ್, ಮತ್ತೆ ಆಫ್. ಮನೆ ಲೈನಿನ ಕೊನೆಯಲ್ಲಿ ಇತ್ತು, ಸರ್ವೀಸ್ ವೈರ್ ತೆಳು. ವೈರ್ ದಪ್ಪ ಹಾಕಿದ ಮೇಲೆ ಸುಧಾರಿಸಿತು. ಆದರೆ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಹಾಕಿಸಿದರೆ ಏನಾಗುತ್ತದೋ.

96ಬ್ಲಾಕ್:

ನಾನು ತುಮಕೂರಿನವನೇ, ಈಗ ಬೆಂಗಳೂರಿನಲ್ಲಿ ಸೋಲಾರ್ ಮುನ್ಸೂಚನೆ ಕೊಡುವ ಕಡೆ ಕೆಲಸ. ಹಳೇ ಕೆಇಬಿ ಸರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ, ಉಳಿದದ್ದಕ್ಕೆ ಜಗಳ ಇದೆ.

ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಬೇರೆ ಎಲ್ಲೋ ನಡೆದಿದ್ದನ್ನು ನಿಮ್ಮ ತಾರಸಿಗೆ ತಂದು ಅಂಟಿಸಿದ್ದಾರೆ ಅಷ್ಟೇ. ಅಕ್ಕಪಕ್ಕದವರ ನಡುವೆ ಮಾರಾಟವನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2016ರಲ್ಲೇ ಮಾಡಿ ನೋಡಿದರು. ನಮ್ಮಲ್ಲಿ ಲಖನೌದಲ್ಲಿ 2020–21ರ ಹೊತ್ತಿಗೆ ಬ್ಲಾಕ್‌ಚೈನ್ ಅನ್ನುವ ಡಿಜಿಟಲ್ ಲೆಕ್ಕಪುಸ್ತಕ ಇಟ್ಟುಕೊಂಡು ಪ್ರಯೋಗ ನಡೆಯಿತು, ಆಮೇಲೆ ದೆಹಲಿಯಲ್ಲೂ. ದೆಹಲಿಯಲ್ಲಿ 2019ರಿಂದ ವರ್ಚುವಲ್ ನೆಟ್ ಮೀಟರಿಂಗ್ ಅಂತಲೂ ಇದೆ. ತಾರಸಿ ಇಲ್ಲದ ಫ್ಲ್ಯಾಟಿನವರು ಬೇರೆ ಕಡೆ ಒಟ್ಟಿಗೆ ಪ್ಯಾನೆಲ್ ಹಾಕಿ, ಅದರ ಯೂನಿಟ್ಟನ್ನು ತಮ್ಮ ತಮ್ಮ ಬಿಲ್ಲಿಗೆ ಹಂಚಿಕೊಳ್ಳುವ ಏರ್ಪಾಡು. ನನ್ನ ಪ್ರಕಾರ ಬ್ಲಾಕ್‌ಚೈನ್ ಗಲಾಟೆಗಿಂತ ಇದು ನಮ್ಮ ಊರುಗಳಿಗೆ ಹೆಚ್ಚು ಉಪಯೋಗ.

ಆದರೆ ಇಂಥ ಎಲ್ಲಾ ಕಡೆ ನಡೆಯುವುದು ಲೆಕ್ಕದ ವ್ಯಾಪಾರ. ನಿಮ್ಮ ತಾರಸಿಯ ಕರೆಂಟ್ ಆ ಬೀದಿಯಲ್ಲಿ ಯಾರ ಫ್ರಿಜ್ ಓಡುತ್ತಿದೆಯೋ ಅಲ್ಲಿಗೆ ಹೋಗುತ್ತದೆ, ಅದಕ್ಕೆ ಆ್ಯಪ್ ಗೊತ್ತಿಲ್ಲ. ನೀವು ಇಷ್ಟು ಹಾಕಿದಿರಿ, ಮಿಲ್ಲಿನವರು ಅದೇ 15 ನಿಮಿಷದಲ್ಲಿ ಇಷ್ಟು ತಗೊಂಡರು ಅಂತ ಹೊಂದಿಸಿ ಬರೆಯುವುದು ಮಾತ್ರ ಹೊಸದು. ಆ 15 ನಿಮಿಷವನ್ನು ಬ್ಲಾಕ್ ಅನ್ನುತ್ತೇವೆ, ದಿನಕ್ಕೆ 96. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು. ನಿಮ್ಮ ಮಿಲ್ಲಿನ ಅಂಕಲ್ ಮಲಗಿರುವ ಬ್ಲಾಕುಗಳಲ್ಲಿ ನೀವು ಹಾಕುತ್ತೀರಿ, ಅವರು ಎದ್ದ ಬ್ಲಾಕುಗಳಲ್ಲಿ ನಿಮ್ಮ ಹತ್ತಿರ ಏನೂ ಇಲ್ಲ.

ದೊಡ್ಡ ಮಾರ್ಕೆಟ್ಟಿನಲ್ಲೂ ಕತೆ ಇದೇ. ಕರೆಂಟ್ ಕೊಂಡು ಮಾರುವ ಎಕ್ಸ್‌ಚೇಂಜಿನಲ್ಲಿ ಮಧ್ಯಾಹ್ನ ಅದು ಅಗ್ಗ. ಬೇಡಿಕೆ ಏರಿದ ದಿನ ಸೂರ್ಯ ಮುಳುಗಿದ ಮೇಲೆ ಯೂನಿಟ್‌ಗೆ 10 ರೂಪಾಯಿಯ ಮಿತಿಗೆ ಹೋಗಿ ತಾಗುತ್ತದೆ. ಅಂದರೆ ಬೆಲೆ ಇರುವುದು ಕರೆಂಟಿಗಿಂತ ಹೊತ್ತಿಗೆ.

ಇಲ್ಲಿಂದ ಹೊಸ ಪಾತ್ರಗಳು ಬರುತ್ತವೆ ಅನ್ನುವುದು ನನ್ನ ಜಗಳ. ಸರ್ ಸಂಜೆಯ ಜವಾಬ್ದಾರಿ ಬೆಸ್ಕಾಂ ಮೇಲೆ ಅನ್ನುತ್ತಾರೆ, ಯಾವಾಗಲೂ ಹಾಗೇ ಇರಬೇಕಿಲ್ಲ. ಒಬ್ಬ ಅಗ್ರಿಗೇಟರ್ ಒಂದು ಸಾವಿರ ತಾರಸಿ, ಕೆಲವು ನೂರು ಬ್ಯಾಟರಿ, ಎಲೆಕ್ಟ್ರಿಕ್ ಆಟೋಗಳ ಚಾರ್ಜರ್ ಎಲ್ಲಾ ಸೇರಿಸಿ ಒಂದು ಘಟಕದ ಹಾಗೆ ನಡೆಸಬಹುದು. ನಾಳೆ ಯಾವ ಬ್ಲಾಕಿನಲ್ಲಿ ಎಷ್ಟು ಕೊಡುತ್ತೇನೆ ಅಂತ ಮೊದಲೇ ಹೇಳಬೇಕು, ತಪ್ಪಿದರೆ ದಂಡ ಕಟ್ಟಬೇಕು. ದೊಡ್ಡ ಸೋಲಾರ್, ಗಾಳಿ ಘಟಕಗಳಿಗೆ ಈ ಶಿಸ್ತು ಈಗಲೇ ಇದೆ. ಕೆಇಆರ್‌ಸಿ 2015ರಲ್ಲೇ ಇದಕ್ಕೆ ನಿಯಮ ಮಾಡಿತು, ಹಲವು ಘಟಕಗಳ ಪರವಾಗಿ ಮುನ್ಸೂಚನೆ ಕೊಟ್ಟು ದಂಡದ ಲೆಕ್ಕ ನೋಡುವ ಏಜೆನ್ಸಿಗಳೂ ಹುಟ್ಟಿದವು. ಅದಕ್ಕೆ ಮೊದಲು ಇಂಥ ಉದ್ಯೋಗ ಇತ್ತು ಅಂತ ಕೇಳಿದವರೇ ಕಮ್ಮಿ. ಮನೆ ತಾರಸಿಯವರನ್ನು ಯಾರೂ ಇನ್ನೂ ಈ ಪ್ರಶ್ನೆ ಕೇಳಿಲ್ಲ. ಕೇಳುವ ದಿನ ಬರುತ್ತದೆ.

ಆಸ್ಟ್ರೇಲಿಯಾದಲ್ಲಿ ಬಂದಾಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2020ರ ಸೆಪ್ಟೆಂಬರ್‌ನಿಂದ ಹೊಸದಾಗಿ ಹಾಕುವ ತಾರಸಿ ಸೋಲಾರನ್ನು ತುರ್ತು ಇದ್ದಾಗ ದೂರದಿಂದ ಆಫ್ ಮಾಡುವ ಹಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸಬರು ಹೊರಗೆ ಕಳಿಸುವ ಯೂನಿಟ್ಟಿಗೆ ಕೊಡುವ ಬೆಲೆಯನ್ನು ಭಾರಿ ಇಳಿಸಿದರು, ಜನ ಪ್ಯಾನೆಲ್ ಜತೆ ಬ್ಯಾಟರಿಯನ್ನೂ ಕೊಳ್ಳತೊಡಗಿದರು.

ತಿರುಮಣಿ_ಕಡೆಯವನು:

ಎಲ್ಲರೂ ತಾರಸಿ ಮಾತಾಡುತ್ತಿದ್ದೀರಿ, ನಮ್ಮ ಪಾವಗಡದ ಸೋಲಾರ್ ಪಾರ್ಕನ್ನೂ ಸ್ವಲ್ಪ ನೋಡಿ. ನಾಗಲಮಡಿಕೆ ಹೋಬಳಿಯ ಐದು ಊರಿನಲ್ಲಿ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ನಮ್ಮ ಮನೆಯ ಜಮೀನೂ ಅದರೊಳಗೆ ಇದೆ. ಎಕರೆಗೆ ವರ್ಷಕ್ಕೆ 21 ಸಾವಿರ ಅಂತ ಶುರುವಾಗಿ ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರುತ್ತದೆ. ಮಳೆ ಇಲ್ಲದ ಊರು, ಕಡಲೆಕಾಯಿ ಹಾಕಿ ಬಿತ್ತನೆ ಬೀಜದ ದುಡ್ಡೂ ಬಾರದ ವರ್ಷಗಳನ್ನು ನೋಡಿದವರಿಗೆ ಇದು ಸಣ್ಣದಲ್ಲ. ನಾನು ಬೈಯುವುದಿಲ್ಲ.

ಆದರೆ ಪಾತ್ರ ಅಂದಿರಲ್ಲ, ನಮ್ಮದು ಏನು? ಕರೆಂಟ್ ಮಾರುವವರು ನಾವಲ್ಲ. ನಾವು ಜಮೀನು ಬಾಡಿಗೆಗೆ ಕೊಟ್ಟವರು. ಅಲ್ಲಿ ಯೂನಿಟ್ ಎರಡು ರೂಪಾಯಿಗೆ ಹೋದರೂ ಎಂಟು ರೂಪಾಯಿಗೆ ಹೋದರೂ ನಮ್ಮ ಲೆಕ್ಕ ಒಂದೇ. ಜಮೀನು ಇಲ್ಲದೆ ಕೂಲಿಗೆ ಬರುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆಯೂ ಇಲ್ಲ, ಬೇಲಿ ಬಂದ ಮೇಲೆ ಮೇವಿನ ದಾರಿಯೂ ಸುತ್ತಾಯಿತು. ಅಷ್ಟು ದೊಡ್ಡ ಘಟಕದ ಕರೆಂಟ್ ಊರಿನ ಮೇಲೆ ದೊಡ್ಡ ಟವರ್ ಲೈನಿನಲ್ಲಿ ಹಾದು ಹೋಗುತ್ತದೆ.

ರೈತರಿಗೆ ಅಂತ ಕೇಂದ್ರ ತಂದ ಕುಸುಮ್ ಸೋಲಾರ್ ಯೋಜನೆಯ ಎ ಭಾಗದಲ್ಲಿ ಬೇರೆ ಥರ ಇದೆ. ರೈತನೇ, ಅಥವಾ ರೈತರ ಗುಂಪೇ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್ ಘಟಕ ಹಾಕಿ ಎಸ್ಕಾಂಗೆ ಮಾರಬಹುದು. ಬ್ಯಾಂಕಿನವರು ಸಾಲ ಕೊಡಬೇಕಲ್ಲ, ಅಲ್ಲಿ ನಿಲ್ಲುತ್ತದೆ. ಕೋಟಿಗಟ್ಟಲೆ ಸಾಲಕ್ಕೆ ನಮ್ಮ ಒಣ ಜಮೀನು ಸಾಲುವುದಿಲ್ಲ. ಕೊನೆಗೆ ಹೊರಗಿನವರು ಬಂದು ಬಾಡಿಗೆಗೆ ಕೇಳುತ್ತಾರೆ, ನಾವು ಮತ್ತೆ ಬಾಡಿಗೆ ಕೊಟ್ಟವರೇ.

ಶಿಡ್ಲಘಟ್ಟ_ರೇಷ್ಮೆ:

ನಮ್ಮ ಗೌರಿಬಿದನೂರು ತಾಲ್ಲೂಕಿನಲ್ಲಿ 2025ರ ಜೂನ್‌ನಲ್ಲಿ ಮುಖ್ಯಮಂತ್ರಿಗಳು ಉದ್ಘಾಟಿಸಿದ್ದು ಕುಸುಮ್ ಸಿ ಭಾಗದ್ದು. ಸಬ್‌ಸ್ಟೇಷನ್ ಹತ್ತಿರವೇ ಘಟಕ, ಕರೆಂಟ್ ಅಲ್ಲಿನ ಪಂಪ್‌ಸೆಟ್ ಫೀಡರಿಗೇ (ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೇ). ಮಾರ್ಕೆಟ್ಟು, ಆ್ಯಪು ಏನೂ ಇಲ್ಲ, ಆದರೆ ರೈತ ಹಗಲು ಹೊತ್ತಿನಲ್ಲಿ ನೀರು ಹಾಯಿಸುತ್ತಾನೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವು ಚೇಳು ನೋಡಿಕೊಂಡು ತೋಟಕ್ಕೆ ಹೋಗುವ ಮನೆಯವರಿಗೆ ಅದು ಏನು ಅಂತ ಗೊತ್ತು. ಬಿಸಿಲಿನ ಹೊತ್ತು ಮತ್ತು ಬಳಸುವ ಹೊತ್ತು ಕೂಡಿ ಬರುವ ಕಡೆ ಹಾಕಿದ್ದಾರೆ, ನನಗೆ ಅದು ಇಷ್ಟವಾಯಿತು. ತಿರುಮಣಿಯವರ ಪ್ರಶ್ನೆಗೆ ಇದು ಉತ್ತರ ಅಲ್ಲ ಅಂತ ಗೊತ್ತು. ಅಲ್ಲೂ ಘಟಕ ರೈತನದ್ದಲ್ಲ.

ಹಳೇ_ಕೆಇಬಿ:

96 ಬ್ಲಾಕ್ ಅವರೇ, ಅಗ್ರಿಗೇಟರ್ ದಂಡ ಕಟ್ಟುತ್ತಾನೆ ಅಂದಿರಿ. ಅವನು ಅಂಗಡಿ ಮುಚ್ಚಿಕೊಂಡು ಹೋದರೆ? ಆ ಸಾವಿರ ಮನೆಯವರು ಮಾರನೇ ಬೆಳಗ್ಗೆ ಬಂದು ನಿಲ್ಲುವುದು ನಮ್ಮ ಸೆಕ್ಷನ್ ಆಫೀಸಿನ ಮುಂದೆಯೇ. ಕೊನೆಗೆ ಕೊಡಲೇಬೇಕಾದವನು ಒಬ್ಬ ಇರಬೇಕು, ಅವನಿಗೆ ಅದಕ್ಕೆ ದುಡ್ಡು ಸಿಗಬೇಕು. ಅಷ್ಟು ಬರೆದುಕೊಟ್ಟರೆ ನಿಮ್ಮ ಮಾರ್ಕೆಟ್ಟಿಗೆ ನನ್ನ ಅಡ್ಡಿ ಇಲ್ಲ.

ನಿಯಮ ಎಷ್ಟು ಬೇಗ ತಿರುಗುತ್ತದೆ ಅನ್ನುವುದಕ್ಕೆ ಹಸಿರು ಓಪನ್ ಆಕ್ಸೆಸ್ (ಬೆಸ್ಕಾಂ ಬಿಟ್ಟು ಬೇರೆಯವರಿಂದ ನೇರವಾಗಿ ಸೋಲಾರ್, ಗಾಳಿ ಕರೆಂಟ್ ಕೊಳ್ಳುವುದು) ನೋಡಿ. 2022ರಲ್ಲಿ ಕೇಂದ್ರದವರು 1 ಮೆಗಾವ್ಯಾಟ್ ಇದ್ದ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿ ಸಣ್ಣ ಕಾರ್ಖಾನೆಗಳಿಗೂ ಬಾಗಿಲು ತೆಗೆದರು. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ನಿಯಮವನ್ನೇ ರದ್ದು ಮಾಡಿತು. 25 ವರ್ಷ ಬಾಳುವ ಪ್ಯಾನೆಲ್ ಕೊಳ್ಳುವವರು ಎರಡು ವರ್ಷ ಬಾಳುವ ನಿಯಮ ನಂಬಿ ಲೆಕ್ಕ ಹಾಕಬಾರದು.

96ಬ್ಲಾಕ್:

ಕೊನೆಗೆ ಕೊಡಬೇಕಾದವನು ಒಬ್ಬ ಇರಬೇಕು, ಒಪ್ಪಿದೆ ಸರ್. ಬ್ರಿಟನ್‌ನಲ್ಲಿ 2021ರಲ್ಲಿ ಗ್ಯಾಸ್ ಬೆಲೆ ಏರಿದಾಗ ಸಣ್ಣ ಸಣ್ಣ ಮಾರಾಟ ಕಂಪನಿಗಳು ಸಾಲಾಗಿ ಮುಚ್ಚಿದವು, ಅವರ ಗ್ರಾಹಕರನ್ನು ಉಳಿದ ಕಂಪನಿಗಳಿಗೆ ಹಂಚಬೇಕಾಯಿತು, ಖರ್ಚು ಎಲ್ಲರ ಬಿಲ್ಲಿಗೆ ಬಿತ್ತು. ಆದರೆ ಅದಕ್ಕೆ ಹೆದರಿ ತಾರಸಿಯವರನ್ನು ಒಬ್ಬನೇ ಗಿರಾಕಿಗೆ ಕಟ್ಟಿಹಾಕುವುದೂ ಸರಿ ಅಲ್ಲ. ಬ್ಯಾಟರಿ ಇಟ್ಟುಕೊಂಡು ಸಂಜೆ 7ಕ್ಕೆ ಕೊಡುವ ಮನೆಗೂ ಮಧ್ಯಾಹ್ನ 12ಕ್ಕೆ ಸುರಿಯುವ ಮನೆಗೂ ಒಂದೇ ರೇಟು ಇದ್ದರೆ, ಯಾರು ಬ್ಯಾಟರಿ ಹಾಕುತ್ತಾರೆ ಹೇಳಿ? ಜವಾಬ್ದಾರಿ ಹೊರುವವನಿಗೆ ಜಾಸ್ತಿ ಕೊಡಿ, ಆಮೇಲೆ ಜವಾಬ್ದಾರಿ ಕೇಳಿ.

ಶಿರಾ ಗೇಟ್‌ನವರಿಗೆ ಒಂದು ಐಡಿಯಾ. ವಿದ್ಯುತ್ ವಾಹನ ಚಾರ್ಜ್ ಮಾಡಿಕೊಡುವುದು ಕರೆಂಟ್ ಮಾರಾಟ ಅಲ್ಲ, ಸೇವೆ ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಹೇಳಿದೆ. ಲೈಸೆನ್ಸ್ ಬೇಡ. ನಿಮ್ಮ ಬೀದಿಯಲ್ಲಿ ಎಲೆಕ್ಟ್ರಿಕ್ ಆಟೋ ಎಷ್ಟಿವೆ? ಮಧ್ಯಾಹ್ನ ಊಟದ ಹೊತ್ತಿಗೆ ಅವರು ಎಲ್ಲೋ ನಿಂತಿರುತ್ತಾರಲ್ಲ. ಮೀಟರ್, ದರ ಎಲ್ಲಾ ಬೇರೆ ಆಗುತ್ತದೆ, ಅದನ್ನು ವಿಚಾರಿಸಿಕೊಳ್ಳಿ.

ಶಿರಾಗೇಟ್_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಮಿಲ್ಲಿನ ಅಂಕಲ್ ಮಧ್ಯಾಹ್ನ ಮಲಗುವ ವಿಷಯಕ್ಕೆ ಜಾಸ್ತಿ ನಕ್ಕರು. 10 ಕಿಲೋವ್ಯಾಟ್ ಬೇಡ ಅಂತ ಆಯಿತು. ಮೇಲಿನ ಬಾಡಿಗೆಯವರು ಹೊಸದಾಗಿ ಎಸಿ ಹಾಕಿಸಿಕೊಂಡಿದ್ದಾರೆ, ಬೇಸಿಗೆಯಲ್ಲಿ ಅವರ ಬಿಲ್ಲು 200 ಯೂನಿಟ್ ದಾಟುತ್ತದೆ. ಅವರ ಮೀಟರಿಗೆ 3 ಕಿಲೋವ್ಯಾಟ್ ಹಾಕಿಸಿ ಬಾಡಿಗೆಯಲ್ಲಿ ಸ್ವಲ್ಪ ಸೇರಿಸಿದರೆ ಹೇಗೆ ಅಂತ ಅಪ್ಪ ಕೇಳುತ್ತಿದ್ದಾರೆ. ಆಗ ನಾವು ಯಾರು, ಕರೆಂಟ್ ಮಾರುವವರಾ, ಮನೆ ಓನರ್ರಾ?

ಗುಬ್ಬಿ_ವೈರಿಂಗ್:

ಮನೆ ಓನರ್ರೇ. ಯೂನಿಟ್ ಲೆಕ್ಕ ಹಾಕಿ ಅವರ ಹತ್ತಿರ ದುಡ್ಡು ಕೇಳಬೇಡಿ, ಬಾಡಿಗೆ ಅಂತ ಒಂದು ಮೊತ್ತ ಮಾತಾಡಿಕೊಳ್ಳಿ. 10 ಕಿಲೋವ್ಯಾಟ್‌ವರೆಗೆ ಮೊದಲಿನ ಹಾಗೆ ಬೆಸ್ಕಾಂನವರು ಫೀಸಿಬಿಲಿಟಿ (ಲೈನಿಗೆ ತಡೆಯುತ್ತದಾ ಅಂತ) ನೋಡುವವರೆಗೆ ಕಾಯಬೇಕಿಲ್ಲ, 2024ರಲ್ಲಿ ಅದನ್ನು ತೆಗೆದರು. ಸೂರ್ಯಘರ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ, ಅಲ್ಲಿ ಹೆಸರಿರುವ ವೆಂಡರನ್ನೇ ಆರಿಸಿಕೊಳ್ಳಿ. ಮನೆಗೆ ಬಂದ ಏಜೆಂಟಿಗೆ ಕೈಯಲ್ಲಿ ದುಡ್ಡು ಕೊಡಬೇಡಿ. ಸರ್ವೀಸ್ ವೈರ್ ಎಷ್ಟು ದಪ್ಪ ಇದೆ ಒಂದು ಫೋಟೋ ಹಾಕಿ.

ಆ ಮೇಲಿನ ಮನೆಯ ಆರ್‌ಆರ್ ನಂಬರ್ ಯಾರ ಹೆಸರಲ್ಲಿ ಇದೆ?

ಶಿರಾಗೇಟ್_ಹುಡುಗ:

ಈಗ ಬಿಲ್ಲು ತೆಗೆದು ನೋಡಿದೆ. ನಮ್ಮ ತಾತನ ಹೆಸರಲ್ಲಿ ಇದೆ. ಅವರು ತೀರಿಕೊಂಡು ತುಂಬಾ ವರ್ಷ ಆಯಿತು.

ಗುಬ್ಬಿ_ವೈರಿಂಗ್:

ಹಾಗಾದರೆ ಮೊದಲು ಖಾತೆ ಪತ್ರ, ಡೆತ್ ಸರ್ಟಿಫಿಕೇಟ್, ವಂಶವೃಕ್ಷ ಹುಡುಕಿ. ಹೆಸರು ಬದಲಾವಣೆ ಆಗಲಿ, ಪ್ಯಾನೆಲ್ ಮಾತು ಆಮೇಲೆ.